ಮಾಸ್ತರರ ಸಂಶೋಧನೆ, ನಮ್ಮ ಟ್ರಂಕಿನ ಕೀಲಿ

(ರಾವೂರಿನಲ್ಲಿ ನಡೆದ ಶರಣ ಚಿಂತನ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ ‘ಧರ್ಮ, ಶಿಕ್ಷಣ ಮತ್ತು ಸಂಶೋಧನೆ’. ಸಂಘಟಕರು ಫೋನ್ ಮಾಡಿದಾಗ ಮೊದಲು ಬೇಡವೆಂದೆ. ನಾನು ಸಿವಿಲ್ ಇಂಜಿನಿಯರ್. ಕಲಬುರಗಿಯ ಪಿ.ಡಿ.ಎ. ಕಾಲೇಜಿನಲ್ಲಿ ಬಿ.ಇ. ಮುಗಿಸಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಕಾರಿ ನೌಕರಿ ಮಾಡಿದವನು. ಕೆರೆ, ಕಾಲುವೆ, ಕಟ್ಟಡ ಇವುಗಳ ಬಗ್ಗೆ ಕೇಳಿದರೆ ಎರಡು ಮಾತು ಹೇಳಬಲ್ಲೆ. ಪಿಎಚ್.ಡಿ. ಮಾಡಿದವನಲ್ಲ. ಆದರೆ ನಮ್ಮ ಮನೆಯಲ್ಲೇ ಒಬ್ಬರು ಮಾಡಿದ್ದಾರೆ, ನನ್ನ ತಂಗಿ. ಅವಳ ದಾರಿಗೆ ಎರಡು ವರ್ಷ ಅಡ್ಡ ನಿಂತವನು ನಾನೇ. ಆ ಕಥೆಯನ್ನು ಹೇಳಲು ಒಪ್ಪಿಗೆಯಿದ್ದರೆ ಬರುತ್ತೇನೆ ಎಂದೆ. ಒಪ್ಪಿದರು, ಬಂದಿದ್ದೇನೆ. ಅವಳು ತನ್ನ ಹೆಸರು ಹೇಳಬಾರದು ಎಂದು ಕರಾರು ಹಾಕಿದ್ದಾಳೆ. ನಾನು ಹೇಳುವ ವಿದ್ಯಾಸಂಸ್ಥೆಯ ಹೆಸರೂ ಬೇಡ. ಅದು ಈ ಊರಿನದಲ್ಲ ಎಂಬಷ್ಟು ಮಾತ್ರ ಮೊದಲೇ ತಿಳಿಸಿಬಿಡುತ್ತೇನೆ, ಇಲ್ಲವಾದರೆ ಪ್ರಸಾದದ ಹೊತ್ತಿಗೆ ನೀವೆಲ್ಲ ಊಹೆ ಶುರುಮಾಡುತ್ತೀರಿ.

ನಮ್ಮ ತಂದೆಯವರಿಗೆ ನಾವು ಐದು ಮಕ್ಕಳು. ನಾನು ಹಿರಿಯ, ಇವಳು ಕೊನೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಪಿಯುಸಿ ಆದ ಮೇಲೆ ಟಿ.ಸಿ.ಎಚ್. ಮಾಡಿ ಚಿಂಚೋಳಿ ತಾಲೂಕಿನ ಒಂದು ಪ್ರಾಥಮಿಕ ಶಾಲೆಗೆ ನೌಕರಿಗೆ ಹೋದಳು. ಬಿ.ಎ., ಬಿ.ಇಡಿ. ಎಲ್ಲ ನೌಕರಿಯಲ್ಲಿದ್ದುಕೊಂಡೇ ಮುಗಿಸಿದಳು. ಆಮೇಲೆ ಹೈಸ್ಕೂಲಿಗೆ ಬಂದಳು, ಎಂ.ಎ. ಮಾಡಿದಳು, ಎಂ.ಇಡಿ. ಮಾಡಿದಳು. ಬೇಸಿಗೆ ರಜೆ ಬಂತೆಂದರೆ ಅವಳ ಮನೆಯಲ್ಲಿ ಶ್ಯಾವಿಗೆ ಹೊಸೆಯುವುದರ ಜೊತೆಗೆ ಪರೀಕ್ಷೆಯ ಓದೂ ನಡೆದಿರುತ್ತಿತ್ತು. ನಲವತ್ತೆಂಟನೇ ವಯಸ್ಸಿಗೆ ಪ್ರವೇಶ ಪರೀಕ್ಷೆ ಬರೆದು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದಾಗ ಮನೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಇದರಿಂದ ಪಗಾರ ಎಷ್ಟು ಏರುತ್ತದೆ? ಕಾಲೇಜಿನವರಿಗಾದರೆ ಪದವಿಯಿಂದ ಬಡ್ತಿಗೆ ಅನುಕೂಲವಿದೆ. ಹೈಸ್ಕೂಲ್ ಟೀಚರಿಗೆ ಅದರಿಂದ ಹುದ್ದೆ ಬದಲಾಗುವುದಿಲ್ಲ. ಅವಳು ನಕ್ಕು ಸುಮ್ಮನಾದಳು.

ಆ ಓದಿನ ಬೀಜ ಎಲ್ಲಿ ಬಿತ್ತು ಎಂಬುದನ್ನು ಬಹಳ ದಿನದ ಮೇಲೆ ನನಗೆ ಹೇಳಿದಳು. ಚಿಂಚೋಳಿ ಕಡೆ ಲಂಬಾಣಿ ತಾಂಡಾಗಳು ಬಹಳ. ಅಲ್ಲಿಯ ಒಬ್ಬ ಜಾಣ ಹುಡುಗನನ್ನು ಎಂಟನೇ ತರಗತಿಗೆ ಮಠದ ಒಂದು ಪ್ರಸಾದ ನಿಲಯಕ್ಕೆ ಸೇರಿಸಲು ತಾನೇ ಕರೆದುಕೊಂಡು ಹೋಗಿದ್ದಳು. ಯಾರೂ ತಕರಾರು ಮಾಡಲಿಲ್ಲ, ಅರ್ಜಿ ತುಂಬಿಸಿಕೊಂಡರು, ಚಾಪೆ ಕೊಟ್ಟರು. ಹೊರಡುವಾಗ ಹುಡುಗ ಅವಳ ಸೆರಗು ಹಿಡಿದು ಕೇಳಿದನಂತೆ: “ಟೀಚರ್, ನಮ್ಮ ಮಂದ್ಯಾಗ ಇಲ್ಲಿಗಿ ಬಂದವ ನಾನ ಮೊದಲನೇದವ ಏನ್ರಿ?” ಇವಳಿಗೆ ಉತ್ತರ ಹೊಳೆಯಲಿಲ್ಲ. ಬಸವ ಜಯಂತಿಗೆ ಇಪ್ಪತ್ತು ವರ್ಷ ಭಾಷಣ ಮಾಡಿದವಳು, ಅನುಭವ ಮಂಟಪದಲ್ಲಿ ಯಾವ ಯಾವ ಕಾಯಕದ ಶರಣರು ಕುಳಿತಿದ್ದರು ಎಂದು ಹೆಸರು ಹಿಡಿದು ಹೇಳಬಲ್ಲವಳು, ತನ್ನ ಪಕ್ಕದ ಊರಿನ ಪ್ರಸಾದ ನಿಲಯದಲ್ಲಿ ಯಾರು ಯಾರು ಉಂಡರು, ಓದಿದರು ಎಂಬುದನ್ನು ಹೇಳಲಾರದೆ ಹೋದಳು.

ಇಲ್ಲಿ ಸ್ವಲ್ಪ ನಿಂತು, ಈ ದಾರಿಯಲ್ಲಿ ಮೊದಲು ನಡೆದವರನ್ನು ನೆನೆಯಬೇಕು. ನಮ್ಮ ಧರ್ಮದ ಮೇಲೆ ಆಧುನಿಕ ಕಾಲದಲ್ಲಿ ನಡೆದ ಗಟ್ಟಿ ಸಂಶೋಧನೆಯಲ್ಲಿ ದೊಡ್ಡ ಪಾಲು ಶಾಲೆ ಕಾಲೇಜುಗಳ ಮಾಸ್ತರರದ್ದು. ಇದು ನಮಗೆ ಮರೆತೇಹೋಗಿದೆ.

1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದವರು ಏಳು ಜನ. ಸಪ್ತರ್ಷಿಗಳು ಎಂದು ಕರೆಯುತ್ತೇವೆ. ಕೈತುಂಬ ಸಂಬಳದ ಸರಕಾರಿ ನೌಕರಿ ಸಿಗುವಷ್ಟು ಓದಿದ ತರುಣರು ಒಂದು ಶಾಲೆ ತೆರೆದು, ಅದಕ್ಕೇ ಬದುಕನ್ನು ಕೊಟ್ಟರು. ಆ ಏಳು ಜನರಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬೇಕು. ಒಬ್ಬರು ಪ್ರೊ. ಶಿ. ಶಿ. ಬಸವನಾಳರು. ಮಕ್ಕಳಿಗೆ ಪಾಠ ಹೇಳುತ್ತಲೇ ಬಸವಣ್ಣನವರ ವಚನಗಳನ್ನು ಪರಿಷ್ಕರಿಸಿದರು, ಕೆ. ಆರ್. ಶ್ರೀನಿವಾಸ ಅಯ್ಯಂಗಾರ್ ಅವರ ಜೊತೆಗೂಡಿ 1940ರಲ್ಲಿ ಅವುಗಳನ್ನು ಇಂಗ್ಲಿಷಿಗೆ ತಂದರು. ಇನ್ನೊಬ್ಬರು ಪ್ರೊ. ಎಂ. ಆರ್. ಸಾಖರೆಯವರು. ಅವರ ಹೆಸರಿನ ಮುಂದಿದ್ದ ಪದವಿ ಎಂ.ಎ., ಟಿ.ಡಿ. ಟಿ.ಡಿ. ಎಂದರೆ ಶಿಕ್ಷಕರ ತರಬೇತಿಯ ಡಿಪ್ಲೊಮಾ, ಕೇಂಬ್ರಿಜ್‌ನಿಂದ ಪಡೆದದ್ದು. ಅಂದರೆ ಧರ್ಮಶಾಸ್ತ್ರ ಕಲಿಯಲು ಹೊರಟವರಲ್ಲ, ಪಾಠ ಹೇಳುವುದನ್ನು ಕಲಿಯಲು ಹೊರಟವರು. ಅದೇ ಮನುಷ್ಯ 1942ರಲ್ಲಿ ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವದ ಮೇಲೆ ಆ ದೊಡ್ಡ ಇಂಗ್ಲಿಷ್ ಗ್ರಂಥ ಹೊರತಂದರು. ‘ಲಿಂಗಧಾರಣ ಚಂದ್ರಿಕೆ’ ಎಂಬ ಸಂಸ್ಕೃತ ಕೃತಿಗೆ ಪೀಠಿಕೆ ಬರೆಯಲು ಕುಳಿತದ್ದು, ಪೀಠಿಕೆಯೇ ಒಂದು ಮಹಾಗ್ರಂಥವಾಯಿತು. ನಿವೃತ್ತಿಯಾದ ಮೇಲೆ ನಾನು ಅದನ್ನು ಓದಿದೆ. ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಅದೇ 1942ರಲ್ಲಿ ಧಾರವಾಡದಲ್ಲಿ ಇನ್ನೊಂದು ಪುಸ್ತಕ ಬಂತು, ಡಾ. ಶಿ. ಚೆ. ನಂದೀಮಠರ ವೀರಶೈವ ಕೈಪಿಡಿ. ಪ್ರಕಟಿಸಿದ್ದು 1883ರಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ. ಬಡ ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಕೊಡಲು ಹುಟ್ಟಿದ ಸಂಸ್ಥೆಯೇ ಧರ್ಮಸಂಶೋಧನೆಯ ಪುಸ್ತಕವನ್ನೂ ಅಚ್ಚು ಹಾಕಿಸಿತು ಎಂಬುದನ್ನು ಗಮನಿಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ಶೈವಾಗಮಗಳ ತತ್ತ್ವದ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದವರು. ತಿರುಗಿ ಬಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ಪ್ರಾಂಶುಪಾಲರಾಗಿ ದುಡಿದರು. ನಂದೀಮಠರು ಆಗಮಗಳ ಹಿನ್ನೆಲೆಗೆ ತೂಕ ಕೊಟ್ಟರು, ಸಾಖರೆಯವರು ಬಸವಣ್ಣನವರೇ ಸ್ಥಾಪಕರು ಎಂಬ ಪಕ್ಷ ಹಿಡಿದರು. ಇಬ್ಬರೂ ಮಾಸ್ತರರು, ಇಬ್ಬರೂ ಇಷ್ಟಲಿಂಗ ಕಟ್ಟಿದವರು, ಒಂದೇ ವರ್ಷ ಎರಡು ಪುಸ್ತಕ, ಎರಡು ನಿಲುವು. ಇವತ್ತಿಗೂ ನಾವು ಆ ಎರಡರ ನಡುವೆಯೇ ಜಗಳವಾಡುತ್ತಿದ್ದೇವೆ. ವ್ಯತ್ಯಾಸವಿಷ್ಟೆ, ಅವರು ಓದಿ ಜಗಳವಾಡಿದರು.

ಇವರಿಗಿಂತ ಮೊದಲು ಫ. ಗು. ಹಳಕಟ್ಟಿಯವರು. ಅವರು ವಿಜಯಪುರದಲ್ಲಿ ವಕೀಲರು, ಆದರೆ ಶಿಕ್ಷಕರ ಮಗ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ ಹುಟ್ಟುಹಾಕಿದವರು. ಊರೂರು ತಿರುಗಿ ತಾಡೋಲೆ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಅಚ್ಚಿಗಾಗಿ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ನಡೆಸಿದರು. ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಕೊಟ್ಟದ್ದು 1956ರಲ್ಲಿ, ಎಪ್ಪತ್ತಾರನೇ ವಯಸ್ಸಿಗೆ. ನನ್ನ ತಂಗಿಗೆ ವಯಸ್ಸಾಯಿತು ಎಂದವರಿಗೆ ನಾನು ಈಗ ಈ ಲೆಕ್ಕ ಹೇಳುತ್ತೇನೆ.

ಹಳಕಟ್ಟಿಯವರ ತಿರುಗಾಟದ ವಿಷಯ ಓದಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ಮನೆಯ ಜಗುಲಿ ನೆನಪಾಗುತ್ತದೆ. ಅಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ತಾಡೋಲೆ ಕಟ್ಟು ಇತ್ತು. ದಿನಾ ವಿಭೂತಿ ಧರಿಸಿ ಹೂ ಏರಿಸುತ್ತಿದ್ದರು. ಬಿಚ್ಚಿ ಓದಿದವರನ್ನು ನಾನು ನೋಡಲಿಲ್ಲ. ಕೊನೆಗೆ ಗೆದ್ದಲು ಹಿಡಿದು ಹೊಳೆಗೆ ಬಿಟ್ಟರು, ಅದಕ್ಕೂ ಪೂಜೆ ಮಾಡಿ ಬಿಟ್ಟರು. ಅದರಲ್ಲಿ ಏನಿತ್ತೋ ಆ ಶಿವನೇ ಬಲ್ಲ.

ಇದೆಲ್ಲ ಹಳೆಯ ಮುಂಬೈ ಪ್ರಾಂತದ ಕಡೆಯ ಮಾತು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು, 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಕನ್ನಡದ ಮಗುವಿಗೆ ಅಕ್ಷರ ಸಿಗುವುದೇ ಕಷ್ಟ. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಬಂತು, 1934ರಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗಾಗಿ ಮಹಾದೇವಿ ಶಾಲೆ ತೆರೆದರು, 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ವಿಶ್ವವಿದ್ಯಾಲಯ ನಮಗೆ ಸಿಕ್ಕಿದ್ದು 1980ರಲ್ಲಿ. ನಾನು ಬಿ.ಇ. ಓದುವ ಹೊತ್ತಿಗೆ ನಮ್ಮ ಜಿಲ್ಲೆಯಲ್ಲಿ ಒಂದು ವಿಶ್ವವಿದ್ಯಾಲಯ ಎಂಬುದು ಹೊಸ ಸುದ್ದಿಯಾಗಿತ್ತು. ಈ ನಡುವಿನ ಕಾಲದಲ್ಲಿ ಹಳ್ಳಿಯ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಮಠಗಳ ಅನ್ನ ಮತ್ತು ಅಕ್ಷರ. ಜೋಳಿಗೆ ಹಿಡಿದು ಭಿಕ್ಷೆ ಎತ್ತಿ ಪ್ರಸಾದ ನಿಲಯ ನಡೆಸಿದ ಸ್ವಾಮಿಗಳ ಋಣ ನನ್ನ ತಲೆಯ ಮೇಲೂ ಇದೆ. ಇಷ್ಟೆಲ್ಲ ಮಾತು ಆಡುವ ನಾನೂ ಮೂರು ವರ್ಷ ಅಂಥ ಅನ್ನ ಉಂಡವನೇ. ಈ ಮಾತನ್ನು ಮೊದಲು ಹೇಳಿಯೇ ಮುಂದಿನದನ್ನು ಹೇಳಬೇಕು.

ಈಗ ತಂಗಿಯ ಕಥೆಗೆ ಬರುತ್ತೇನೆ. ಅವಳು ಬರೆದ ಮೊದಲ ಸಾರಲೇಖ ವಿಭಾಗದಲ್ಲಿ ಪಾಸಾಗಲಿಲ್ಲ. ಶಿಕ್ಷಣಶಾಸ್ತ್ರ ವಿಭಾಗಗಳಲ್ಲಿ ಒಂದು ರೂಢಿಯಿದೆ. ಪ್ರಶ್ನಾವಳಿ ಮಾಡು, ಮುನ್ನೂರು ಜನರಿಗೆ ಹಂಚು, ಒಪ್ಪುತ್ತೇನೆ, ಬಹಳ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂದು ಟಿಕ್ ಹಾಕಿಸು, ಅಂಕಿಸಂಖ್ಯೆ ಕೂಡಿಸು, ಪ್ರಬಂಧ ಸಿದ್ಧ. ‘ಮಠಗಳ ಶಾಲೆಗಳಲ್ಲಿ ಮೌಲ್ಯಶಿಕ್ಷಣದ ಬಗ್ಗೆ ವಿದ್ಯಾರ್ಥಿಗಳ ಮನೋಭಾವ’ ಎಂದು ಮಾಡಿದರೆ ಬೇಗ ಮುಗಿಯುತ್ತದೆ ಎಂದು ಹಿತವರು ಹೇಳಿದರು. ಇವಳು ಒಪ್ಪಲಿಲ್ಲ. “ಮಕ್ಕಳ ಮನೋಭಾವ ಕೇಳಿದ್ರ ಎಲ್ಲರೂ ಚಲೋ ಅಂತನೇ ಟಿಕ್ ಹಾಕ್ತಾರ. ನನಗ ಬೇಕಾಗಿದ್ದು ಯಾರು ಬಂದ್ರು, ಯಾರು ಉಂಡ್ರು, ಯಾರು ನಡುವ ಬಿಟ್ಟು ಹೋದ್ರು ಅನ್ನೋದು” ಎಂದಳು. ಅವಳ ಮಾರ್ಗದರ್ಶಕರು ಒಳ್ಳೆಯವರು, ಕೊನೆಗೆ ಇತಿಹಾಸದ ರೀತಿಯ ಅಧ್ಯಯನಕ್ಕೆ ಒಪ್ಪಿದರು. ಕೋರ್ಸ್‌ವರ್ಕ್ ಮುಗಿಯಿತು. ಆಕರ ಎಲ್ಲಿ ಎಂಬ ಪ್ರಶ್ನೆ ಬಂತು.

ಆಕರ ನನ್ನ ಬಳಿಯಲ್ಲೇ ಇತ್ತು. ನಿವೃತ್ತಿಯಾದ ಮೇಲೆ ಒಂದು ಮಠದ ವಿದ್ಯಾಸಂಸ್ಥೆಯವರು ನನ್ನನ್ನು ಆಡಳಿತ ಸಮಿತಿಗೆ ತೆಗೆದುಕೊಂಡಿದ್ದರು. ಇಂಜಿನಿಯರ್ ಎಂದರೆ ಕಟ್ಟಡ ರಿಪೇರಿಗೆ ಅನುಕೂಲ ಎಂಬುದು ಒಳಗಿನ ಲೆಕ್ಕ, ತಪ್ಪೇನಿಲ್ಲ. ಹಳೆಯ ಪ್ರಸಾದ ನಿಲಯದ ಮಾಳಿಗೆ ಸೋರುತ್ತಿತ್ತು. ರಿಪೇರಿಗೆಂದು ಖೋಲಿ ಖಾಲಿ ಮಾಡಿಸುವಾಗ ಎರಡು ಕಬ್ಬಿಣದ ಟ್ರಂಕು ಸಿಕ್ಕವು. ಒಂದರಲ್ಲಿ ದಾಖಿಲ್ ಖಾರಿಜ್ ರಿಜಿಸ್ಟರು, ಉರ್ದುವಿನಲ್ಲಿ, ಫಸಲಿ ವರ್ಷದ ಲೆಕ್ಕದಲ್ಲಿ. ಜೊತೆಗೆ ಕನ್ನಡದಲ್ಲಿ ಬರೆದ ಜೋಳದ ಲೆಕ್ಕದ ವಹಿಗಳು ಮತ್ತು ಕಾಣಿಕೆಯ ಪುಸ್ತಕ. ಇನ್ನೊಂದು ಟ್ರಂಕಿನ ಕೀಲಿ ತುಕ್ಕು ಹಿಡಿದು ಕುಳಿತಿತ್ತು. ಎರಡನ್ನೂ ನನ್ನ ಸುಪರ್ದಿಗೆ ಕೊಟ್ಟರು.

ತಂಗಿಗೆ ಸುದ್ದಿ ಮುಟ್ಟಿತು. ಬಂದು ಕೇಳಿದಳು. ನಾನು ಆಗಲಿ ಎಂದೆ. ಮುಂದಿನ ಸಲ ಬಂದಾಗ ಸಮಿತಿಯಲ್ಲಿ ಕೇಳಬೇಕು ಎಂದೆ. ಅದರ ಮುಂದಿನ ಸಲ ಜಾತ್ರೆ ಮುಗಿಯಲಿ ಎಂದೆ. ನಿಜ ಹೇಳಬೇಕೆಂದರೆ ನನಗೆ ಅಂಜಿಕೆ ಬಂದಿತ್ತು. ಆ ರಿಜಿಸ್ಟರಿನ ಮೊದಲ ಕೆಲವು ಹಾಳೆಗಳನ್ನು ನಾನು ಉರ್ದು ಬಲ್ಲ ಒಬ್ಬ ಹಳೆಯ ಸಹೋದ್ಯೋಗಿಯಿಂದ ಓದಿಸಿದ್ದೆ. ‘ಕೌಮ್’ ಎಂಬ ಅಂಕಣದಲ್ಲಿ ಒಂದೇ ಶಬ್ದ ಸಾಲುಸಾಲಾಗಿ ಬರುತ್ತಿತ್ತು. ನಾವು ಪ್ರತಿ ವರ್ಷದ ವರದಿಯಲ್ಲಿ ಅಚ್ಚು ಹಾಕಿಸುವ ಮಾತು ಏನೆಂದರೆ, ಸಂಸ್ಥೆ ಹುಟ್ಟಿದ ದಿನದಿಂದ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದ್ದಾರೆ ಎಂಬುದು. ಆ ಮಾತನ್ನು ನಾನೂ ವೇದಿಕೆಯ ಮೇಲೆ ಹೇಳಿದ್ದೆ.

ಎರಡು ವರ್ಷ ಹೀಗೇ ಕಳೆಯಿತು. ಅದೇ ಕಾಲದಲ್ಲಿ ಪ್ರತಿ ಆಗಸ್ಟ್ ತಿಂಗಳು ಡಾ. ಎಂ. ಎಂ. ಕಲಬುರ್ಗಿಯವರ ಭಾವಚಿತ್ರಕ್ಕೆ ನಾವು ಹೂಮಾಲೆ ಹಾಕುತ್ತಿದ್ದೆವು. ಅವರೂ ಮಾಸ್ತರರೇ. ಅವರ ಪಿಎಚ್.ಡಿ. ಪ್ರಬಂಧ ಕವಿರಾಜಮಾರ್ಗದ ಪರಿಸರದ ಕನ್ನಡ ಸಾಹಿತ್ಯದ ಮೇಲೆ, ಅಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡದ ರಾಷ್ಟ್ರಕೂಟರ ಕಾಲದ ಮೇಲೆ. ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು ಅವರು. 1989ರಲ್ಲಿ ತಮ್ಮ ‘ಮಾರ್ಗ’ದಲ್ಲಿ ಬರೆದ ಕೆಲವು ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾದ ಸಂಕಟ ಅವರಿಗೆ ಬಂತು. ಆ ಒತ್ತಡ ತಂದವರು ಹೊರಗಿನವರಲ್ಲ, ನಾವೇ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಕೊಂದರು. ಹೂಮಾಲೆ ಹಾಕಿ ಮನೆಗೆ ಬಂದ ಒಂದು ಸಂಜೆ ತಂಗಿ ಬಂದು ಕುಳಿತಿದ್ದಳು. ಚಹಾ ಮುಟ್ಟಲಿಲ್ಲ.

“ಅಣ್ಣಾ, ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅಂತ ಹೇಳಿಬಿಡು. ನಾಳಿ ಬಾ, ನಾಡದು ಬಾ ಅನಬ್ಯಾಡ. ಮೂವತ್ತು ವರ್ಷ ಆಫೀಸಿಗಿ ಬಂದ ಮಂದಿಗಿ ಹಂಗ ಅಂದು ಅಂದು ನಿನಗ ರೂಢಿ ಆಗ್ಯಾದ” ಎಂದಳು.

ನನ್ನ ಹೆಂಡತಿ ಒಳಗಿನಿಂದ ನಕ್ಕ ಸದ್ದು ಕೇಳಿತು. ನನಗೆ ಸಿಟ್ಟು ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಇಲಾಖೆಗಳಲ್ಲಿ ಎಂ.ಬಿ. ಎಂದು ಒಂದು ಪುಸ್ತಕ ಇರುತ್ತದೆ, ಮೆಜರ್‌ಮೆಂಟ್ ಬುಕ್. ಮಾಡಿದ ಕೆಲಸದ ಅಳತೆಯನ್ನು ಸ್ಥಳದಲ್ಲೇ ಬರೆಯಬೇಕು. ತಪ್ಪಾದರೆ ರಬ್ಬರಿನಿಂದ ಅಳಿಸುವಂತಿಲ್ಲ, ಅದರ ಮೇಲೆಯೇ ತಿದ್ದಿ ಬರೆಯುವಂತಿಲ್ಲ. ಒಂದೇ ಗೆರೆ ಎಳೆದು, ಮೊದಲಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಮಾಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಹಿರಿಯರು ಕಲಿಸಿದ ಪಾಠ ಇದು. ಮೂವತ್ತು ವರ್ಷ ನನ್ನ ಕೈಕೆಳಗಿನ ಹುಡುಗರಿಗೆ ನಾನೂ ಇದನ್ನೇ ಹೇಳಿದೆ. ಬೆಳಗ್ಗೆ ಎದ್ದು ಕೀಲಿ ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಸಮಿತಿಗೆ ಆಮೇಲೆ ಹೇಳಿದೆ.

ಏನು ಸಿಕ್ಕಿತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ, ಪೂರ್ತಿ ಬೇಕಾದವರು ಪ್ರಬಂಧ ಓದಬಹುದು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ರಜೆಯ ದಿನ ಅವಳು, ನಾನು, ಆ ಉರ್ದು ಬಲ್ಲ ಗೆಳೆಯ ಮೂವರೂ ಕುಳಿತು ಒಂದೊಂದು ಹೆಸರನ್ನು ಕಂಪ್ಯೂಟರಿಗೆ ಏರಿಸಿದೆವು. ಮೊದಲ ವರ್ಷಗಳಲ್ಲಿ ನಮ್ಮವರೇ ಹೆಚ್ಚು, ಜೊತೆಗೆ ಕೆಲವು ಕುರುಬರ, ಕಬ್ಬಲಿಗರ ಮಕ್ಕಳು. ಕೇರಿಯ ಮಕ್ಕಳು ಶಾಲೆಯ ರಿಜಿಸ್ಟರಿನಲ್ಲಿ ಒಬ್ಬಿಬ್ಬರು ಇದ್ದಾರೆ, ಪ್ರಸಾದ ನಿಲಯದ ಜೋಳದ ವಹಿಯಲ್ಲಿ ಇಲ್ಲ. ಅಂದರೆ ಓದಲು ಬಂದರು, ಉಣ್ಣಲು ಮನೆಗೆ ಹೋದರು.

ಕಾಣಿಕೆಯ ಪುಸ್ತಕ ನನ್ನನ್ನು ಬಹಳ ಕಾಡಿತು. ಪ್ರಸಾದ ನಿಲಯದ ಕಟ್ಟಡಕ್ಕೆ ಯಾರು ಏನು ಕೊಟ್ಟರು ಎಂಬುದರ ಪಟ್ಟಿ ಅದು. ಗೌಡರು ಎತ್ತಿನ ಗಾಡಿ, ಸಾಹುಕಾರರು ತೊಲೆ, ರೈತರು ಚೀಲಗಟ್ಟಲೆ ಜೋಳ. ನಡುವೆ ಒಂದು ಸಾಲು: ಖಣಿಯ ವಡ್ಡರು, ಊಟದ ಮನೆಯ ನೆಲಕ್ಕೆ ಪರ್ಸಿ, ಕೂಲಿ ಇಲ್ಲದೆ ಹಾಕಿಕೊಟ್ಟಿದ್ದು. ರಾವೂರಿನವರಾದ ನಿಮಗೆ ಕಲ್ಲಿನ ಖಣಿಯ ಕೆಲಸ ಏನೆಂದು ನಾನು ಹೇಳಬೇಕಿಲ್ಲ. ರಿಪೇರಿಗೆ ಎಸ್ಟಿಮೇಟ್ ಮಾಡುವಾಗ ಆ ನೆಲವನ್ನು ಟೇಪು ಹಿಡಿದು ಅಳತೆ ತೆಗೆದವನು ನಾನೇ. ಇಷ್ಟು ವರ್ಷವಾದರೂ ಒಂದು ಕಲ್ಲು ಅಲುಗಿಲ್ಲ, ಸಂದು ಸಂದು ಕೂತಿವೆ ಎಂದು ಮೆಚ್ಚಿಕೊಂಡಿದ್ದೆ. ಯಾರು ಹಾಕಿದ್ದು ಎಂದು ಕೇಳಿರಲಿಲ್ಲ.

ರಿಜಿಸ್ಟರಿನಲ್ಲಿ ಫಸಲಿ 1358ರಲ್ಲಿ ಒಂದು ಹೆಸರು ಇದೆ. ಖಣಿಯ ಕೆಲಸದವರ ಹುಡುಗ. ಜೋಳದ ವಹಿಯಲ್ಲೂ ಅದೇ ಹೆಸರು ಬಂದಿದೆ, ಹದಿನೆಂಟು ದಿನ ಮಾತ್ರ. ಆಮೇಲೆ ಆ ಹೆಸರಿನ ಮೇಲೆ ಗೆರೆ ಎಳೆದು ‘ಖಾರಿಜ್’ ಎಂದು ಬರೆದಿದ್ದಾರೆ. ಒಂದೇ ಗೆರೆ, ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆ, ಪಕ್ಕದಲ್ಲಿ ಆಗಿನ ಹೆಡ್ ಮಾಸ್ತರರ ಸಹಿ. ಎಂ.ಬಿ. ಬರೆಯುವ ನಿಯಮದಂತೆಯೇ ಇತ್ತು. ಆ ಪುಣ್ಯಾತ್ಮ ಹೆಸರನ್ನು ಕೆರೆದು ಹಾಕಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ.

ತಂಗಿ ಆ ಹುಡುಗನನ್ನು ಹುಡುಕಿದಳು. ನಾಲ್ಕು ತಿಂಗಳು ಬೇಕಾಯಿತು. ಶಹಾಬಾದಿನಲ್ಲಿ ಸಿಕ್ಕರು, ಎಂಬತ್ತು ದಾಟಿದ ಹಿರಿಯರು, ಮೊಮ್ಮಗನ ಮನೆಯಲ್ಲಿ. ನಾನೂ ಜೊತೆಗೆ ಹೋಗಿದ್ದೆ. ಅವರಿಗೆ ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ಹೊಡೀಲಿಲ್ರಿ, ಬೈಲಿಲ್ರಿ. ಸ್ವಾಮ್ಯಾರು ಚಲೋ ಮಾತಾಡಸ್ತಿದ್ರು. ಊಟಕ್ಕ ಎಲ್ಲರೂ ಒಳಗ ಕುಂದ್ರತಿದ್ರು, ನನ್ನ ತಾಟು ಕಟ್ಟಿ ಮ್ಯಾಲ ಇಡತಿದ್ರು. ಅವ್ವ ಒಂದಿನ ಬಂದಾಕಿ ನೋಡಿದ್ಳು. ಒಳಗಿನ ಕಲ್ಲು ನಿಮ್ಮಪ್ಪ ಹಾಕ್ಯಾನ, ನೀ ಹೊರಗ ಯಾಕ ಕುಂತಿ ಅಂದ್ಳು. ಕೈ ಹಿಡದು ಕರ್ಕೊಂಡು ಹೋದ್ಳು” ಎಂದರು. ನಮಗೆ ಚಹಾ ಕುಡಿಸಿ ಕಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ವೇದಿಕೆ ಏರುತ್ತಿರಲಿಲ್ಲವೇನೋ. ಅದೇ ವಹಿಗಳಲ್ಲಿ ಇನ್ನೂ ಮುಂದಿನದು ಇದೆ. ಕೆಲವು ವರ್ಷಗಳ ಮೇಲೆ ಹೊಸ ಹೆಡ್ ಮಾಸ್ತರರು ಬರುತ್ತಾರೆ. ಅವರ ಕೈಬರಹ ಶುರುವಾದ ಎರಡನೇ ವರ್ಷದಿಂದ ಜೋಳದ ವಹಿಯಲ್ಲಿ ಕೇರಿಯ ಮಕ್ಕಳ, ಖಣಿಯವರ ಮಕ್ಕಳ ಹೆಸರು ಬರುತ್ತವೆ, ಬಂದು ವರ್ಷಪೂರ್ತಿ ಇರುತ್ತವೆ. ಎಲ್ಲರಿಗೂ ಒಂದೇ ಅಳತೆಯ ಜೋಳ, ಬೇರೆ ಪಟ್ಟಿ ಇಲ್ಲ. ಅದೇ ವರ್ಷ ಕಾಣಿಕೆಯ ಪುಸ್ತಕದಲ್ಲಿ ನಾಲ್ಕೈದು ದೊಡ್ಡ ಮನೆತನಗಳ ಜೋಳ ನಿಂತುಹೋಗುತ್ತದೆ. ಮುಂದಿನ ವರ್ಷವೂ ಬರುವುದಿಲ್ಲ. ಮಕ್ಕಳಿಗೆ ಬಡಿಸುವ ಜೋಳದ ಅಳತೆ ಮಾತ್ರ ಇಳಿದಿದೆ, ಹೆಸರುಗಳು ಇಳಿದಿಲ್ಲ. ಎಂದರೆ ಎಲ್ಲರೂ ಸ್ವಲ್ಪ ಸ್ವಲ್ಪ ಕಡಿಮೆ ಉಂಡರು. ಆ ಸ್ವಾಮಿಗಳು, ಆ ಹೆಡ್ ಮಾಸ್ತರರು ಈ ಬಗ್ಗೆ ಎಲ್ಲಿಯೂ ಒಂದು ಸಾಲು ಬರೆದಿಟ್ಟಿಲ್ಲ. ನಮ್ಮ ವಾರ್ಷಿಕ ವರದಿಗಳಲ್ಲಿ ಅವರ ಹೆಸರಿನ ಮುಂದೆ ವಿಶೇಷಣಗಳು ಬಹಳ ಇವೆ, ಈ ಸಂಗತಿ ಇಲ್ಲ. ಹುಟ್ಟಿದ ದಿನದಿಂದಲೇ ಎಲ್ಲರೂ ಒಂದೇ ಪಂಕ್ತಿ ಎಂದು ನಾವು ಹೇಳುತ್ತ ಬಂದದ್ದರಿಂದ, ಆ ಪಂಕ್ತಿಯನ್ನು ನಿಜವಾಗಿ ಮಾಡಿದವರ ಕೆಲಸವನ್ನು ನಾವೇ ಮುಚ್ಚಿಟ್ಟಿದ್ದೆವು.

ಸಮಿತಿಯ ಸಭೆಯಲ್ಲಿ ಮಾತು ಬಂತು. ಹಿರಿಯರೊಬ್ಬರು “ಮನಿ ಮಾತು ಬೀದಿಗಿ ಯಾಕ್ರೀ ಇಂಜಿನಿಯರ್ ಸಾಹೇಬ್ರ?” ಎಂದರು. ಇನ್ನೊಬ್ಬರು ಪ್ರಬಂಧದಲ್ಲಿ ಎರಡನೆಯ ಭಾಗ ಮಾತ್ರ ಇರಲಿ, ಮೊದಲಿನದು ಬೇಡ ಎಂದರು. ಪೂಜ್ಯರು ಎಲ್ಲ ಕೇಳಿ, ಆ ಶಹಾಬಾದಿನ ಹಿರಿಯರು ಆರೋಗ್ಯವಾಗಿದ್ದಾರೆಯೇ ಎಂದಷ್ಟೇ ಕೇಳಿದರು. ಕೊನೆಗೆ ಆದ ತೀರ್ಮಾನ: ದಾಖಲೆ ಬಳಸಬಹುದು, ಸಂಸ್ಥೆಯ ಹೆಸರು ಬರಬಾರದು. ಪ್ರಬಂಧದಲ್ಲಿ ಅದು ‘ಅ ಸಂಸ್ಥೆ’ ಎಂದು ಇದೆ. ತಂಗಿಗೆ ಇದು ಸಮಾಧಾನ ತರಲಿಲ್ಲ, ನನಗೂ ತಂದಿಲ್ಲ. ಆ ಹೆಡ್ ಮಾಸ್ತರರ ಹೆಸರನ್ನೂ ಆದ್ದರಿಂದ ಬಿಡಬೇಕಾಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಸರು ಯಾಕಿಲ್ಲ ಎಂದು ಕೇಳಿದರಂತೆ. “ಒಪ್ಪಿಗೆ ಸಿಗಲಿಲ್ಲ ಸರ್, ಇನ್ನೂ ಕೇಳ್ತಾ ಇದ್ದೀನಿ” ಎಂದಳಂತೆ. ಪದವಿ ಬಂತು. ಮರುದಿನ ಎಂಟನೇ ತರಗತಿಗೆ ಪಾಠಕ್ಕೆ ಹೋದಳು. ತಾಂಡಾದ ಆ ಹುಡುಗ ಈಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ಅವನಿಗೆ ಫೋನ್ ಮಾಡಿ, ನೀನು ಮೊದಲನೆಯವನಲ್ಲ, ನಿನಗಿಂತ ಮೊದಲು ನಿಮ್ಮವರು ಇಬ್ಬರು ಇದ್ದರು ಎಂದು ವರ್ಷ ಸಹಿತ ಹೇಳಿದಳು.

ಇಲ್ಲಿಂದ ಸ್ವಲ್ಪ ದೂರದಲ್ಲಿ, ಚಿತ್ತಾಪುರದ ಮಗ್ಗುಲಿಗೆ ನಾಗಾವಿ ಇದೆ. ಎಲ್ಲಮ್ಮನ ದರ್ಶನಕ್ಕೆ ನೀವೆಲ್ಲ ಹೋಗುತ್ತೀರಿ. ಅಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. 1058ರ ಶಾಸನದಲ್ಲಿ ಲೆಕ್ಕ ಇದೆ: ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಿಗೆ ವೇದ ಹೇಳುವವರು ಎಷ್ಟು, ಶಾಸ್ತ್ರ ಹೇಳುವವರು ಎಷ್ಟು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು ಆರು ಜನ. ಅಲ್ಲಿ ಯಾರಿಗೆ ಓದು ಇತ್ತು, ಯಾರಿಗೆ ಇರಲಿಲ್ಲ ಎಂಬುದು ನಮಗೆ ಗೊತ್ತು. ಅದರ ನೂರು ವರ್ಷದ ಮೇಲೆ ಕಲ್ಯಾಣದಲ್ಲಿ ನಮ್ಮ ಶರಣರು ಎದ್ದದ್ದು ಆ ಗೋಡೆಯನ್ನು ಒಡೆಯಲಿಕ್ಕೇ. ಆದರೂ ಅವರು ಪುಸ್ತಕಕ್ಕೆ ಆರು ಜನರನ್ನು ಇಟ್ಟಿದ್ದರು, ಲೆಕ್ಕವನ್ನು ಕಲ್ಲಿನ ಮೇಲೆ ಬರೆಸಿದ್ದರು. ನಮ್ಮ ಪುಸ್ತಕಗಳು ಮಾಳಿಗೆಯ ಸೋರುವ ಖೋಲಿಯಲ್ಲಿ ಇದ್ದವು.

ಹೆಚ್ಚು ಹೊತ್ತು ತೆಗೆದುಕೊಂಡೆ, ಕ್ಷಮಿಸಬೇಕು. ಒಂದು ಕೆಲಸದ ಮಾತು ಹೇಳಿ ಕುಳಿತುಕೊಳ್ಳುತ್ತೇನೆ. ಆ ಎರಡನೆಯ ಟ್ರಂಕು ಇನ್ನೂ ತೆರೆದಿಲ್ಲ. ಕೀಲಿಗೆ ಎಣ್ಣೆ ಬಿಟ್ಟು ನೋಡಿದ್ದಾಯಿತು, ಬರುವ ಭಾನುವಾರ ಕಮ್ಮಾರರನ್ನು ಕರೆಸಿದ್ದೇವೆ. ನಮ್ಮ ಉರ್ದು ಗೆಳೆಯನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಎರಡು ತಿಂಗಳು ಓದುವಂತಿಲ್ಲ. ಹಳೆಯ ಕೈಬರಹದ ಉರ್ದು ಓದಬಲ್ಲವರು ನಿಮ್ಮಲ್ಲಿ, ನಿಮ್ಮ ಓಣಿಯಲ್ಲಿ ಯಾರಾದರೂ ಇದ್ದರೆ ಕಾರ್ಯಕ್ರಮ ಮುಗಿದ ಮೇಲೆ ನನಗೆ ತಿಳಿಸಿ. ನಿಮ್ಮ ಊರಿನ ಮಠದಲ್ಲೋ ಶಾಲೆಯಲ್ಲೋ ಇಂಥ ವಹಿಗಳಿದ್ದರೆ ಅದನ್ನೂ ಹೇಳಿ, ತಂಗಿ ಬರುತ್ತಾಳೆ. ಅವಳಿಗೆ ಬೇಸಿಗೆ ರಜೆ ಇದೆ.